ವಿಮಾನದ ಎರಡನೆಯ ಆಸನ

ಚುನಾವಣೆ ಸಮೀಪಿಸಿತೆಂದರೆ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಮೈದಾನಗಳಿಗೆ ಆಕಾಶದಿಂದ ಅತಿಥಿಗಳು ಬರುತ್ತಾರೆ. ಸುಣ್ಣದಲ್ಲಿ ದೊಡ್ಡ ವೃತ್ತ ಬರೆದು, ಧೂಳು ಏಳದಂತೆ ಟ್ಯಾಂಕರಿನಿಂದ ನೀರು ಹೊಡೆದಿರುತ್ತಾರೆ. ಹೆಲಿಕಾಪ್ಟರ್ ಇಳಿಯುತ್ತದೆ, ಮುಖಂಡರು ಇಳಿದು ಸಭೆಗೆ ಹೋಗುತ್ತಾರೆ, ಜನರೂ ಅವರ ಹಿಂದೆ ಹೋಗುತ್ತಾರೆ. ಹೋಗದೆ ಅಲ್ಲೇ ಉಳಿಯುವವರು ಶಾಲೆಯ ಮಕ್ಕಳು ಮತ್ತು ಬಿಳಿ ಅಂಗಿಯ ಇಬ್ಬರು. ಆ ಇಬ್ಬರಲ್ಲಿ ಒಬ್ಬರ ಭುಜದ ಮೇಲೆ ನಾಲ್ಕು ಪಟ್ಟಿ, ಇನ್ನೊಬ್ಬರ ಭುಜದ ಮೇಲೆ ಎರಡೋ ಮೂರೋ. ನಾಲ್ಕು ಪಟ್ಟಿಯವರು ಕ್ಯಾಪ್ಟನ್ ಎಂಬುದು ಮಕ್ಕಳಿಗೂ ಗೊತ್ತು. ಉಳಿದವರು ಯಾರು? ಓಡಿಸಲು ಒಬ್ಬರು ಸಾಲದೆ?

ಈ ಎರಡನೆಯವರೇ ಫಸ್ಟ್ ಆಫೀಸರ್, ಅಂದರೆ ಸಹಪೈಲಟ್. ವಿಮಾನದಲ್ಲಿ ಇವರ ಜಾಗ ಬಲಗಡೆಯ ಆಸನ. ಹೆಲಿಕಾಪ್ಟರಿನಲ್ಲಿ ಸಾಮಾನ್ಯವಾಗಿ ಕ್ಯಾಪ್ಟನ್ನರೇ ಬಲಗಡೆ ಕೂರುವುದರಿಂದ ಸಹಪೈಲಟ್ ಎಡಕ್ಕೆ ಸರಿಯುತ್ತಾರೆ. ಆಸನ ಯಾವ ಬದಿಯದೇ ಇರಲಿ, ಅದಕ್ಕೆ ಒಂದು ಚರಿತ್ರೆಯಿದೆ. ಆ ಚರಿತ್ರೆಯ ಕೆಲವು ಮುಖ್ಯ ಘಟನೆಗಳು ನಮ್ಮ ರಾಜ್ಯದಲ್ಲೇ ನಡೆದವು.

ಮೊದಲು ಬಾಡಿಗೆ ವಿಮಾನ, ಅಂದರೆ ಚಾರ್ಟರ್, ಎಂದರೇನೆಂದು ತಿಳಿಯೋಣ. ವೇಳಾಪಟ್ಟಿಯ ವಿಮಾನ ಸರ್ಕಾರಿ ಬಸ್ಸಿದ್ದಂತೆ. ಜನ ಇರಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಹೊರಡುತ್ತದೆ. ಚಾರ್ಟರ್ ಮದುವೆ ದಿಬ್ಬಣಕ್ಕೆ ಹಿಡಿದ ಬಸ್ಸಿದ್ದಂತೆ. ಹಣ ಕೊಟ್ಟವರು ಹೇಳಿದಲ್ಲಿಗೆ, ಹೇಳಿದ ಹೊತ್ತಿಗೆ ಹೋಗಬೇಕು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಮತ್ತು ಸಂಗಡಿಗರು 1997ರಲ್ಲಿ ಆರಂಭಿಸಿದ ಡೆಕ್ಕನ್ ಏವಿಯೇಷನ್ ಇಂಥದೇ ಒಂದು ಹೆಲಿಕಾಪ್ಟರ್ ಕಂಪನಿ. ಬೆಂಗಳೂರಿನ ಜಕ್ಕೂರು ಅದರ ನೆಲೆಯಾಗಿತ್ತು. 2003ರ ಆಗಸ್ಟ್‌ನಲ್ಲಿ ಅದೇ ಕಂಪನಿ ಏರ್ ಡೆಕ್ಕನ್ ಎಂಬ ಅಗ್ಗದ ವಿಮಾನ ಸೇವೆಯನ್ನು ಶುರುಮಾಡಿದಾಗ, ಆರಂಭದ ಮಾರ್ಗಗಳಲ್ಲಿ ಬೆಂಗಳೂರು–ಹುಬ್ಬಳ್ಳಿಯೂ ಒಂದಾಗಿತ್ತು. ಸುಮಾರು 48 ಜನ ಹಿಡಿಸುವ ಎಟಿಆರ್ ವಿಮಾನ, ಮುಂದೆ ಇಬ್ಬರು ಪೈಲಟ್‌ಗಳು.

ಆದರೆ ಆರಂಭದಲ್ಲಿ ಈ ಇಬ್ಬರು ಇರಲಿಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಅಂಚೆ ಚೀಲ ಹೊತ್ತ ಪುಸ್ ಮಾತ್ ವಿಮಾನವನ್ನು ಒಬ್ಬರೇ ಹಾರಿಸಿಕೊಂಡು ಬಂದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅದೇ ಅಂಚೆಯನ್ನು ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಒಂದೇ ಎಂಜಿನ್, ಒಬ್ಬನೇ ಪೈಲಟ್. ಕೆಳಗೆ ಕಾಣುವ ರೈಲು ಹಳಿ, ನದಿ, ಗುಡ್ಡಗಳೇ ದಾರಿ ತೋರುವ ಗುರುತುಗಳು. ನಕ್ಷೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಕೈಯಲ್ಲಿ ವಿಮಾನ ಹಿಡಿದು ಇನ್ನೊಂದು ಕೈಯಲ್ಲಿ ಲೆಕ್ಕ ಹಾಕುತ್ತಿದ್ದ ಕಾಲ ಅದು.

ವಿಮಾನ ದೊಡ್ಡದಾದಂತೆ ಎರಡು ಕೈ ಸಾಲದಾದವು. ಎಂಜಿನ್ ಎರಡಾಯಿತು, ಗಾಲಿಗಳನ್ನು ಒಳಗೆ ಮಡಚುವ ವ್ಯವಸ್ಥೆ ಬಂತು, ರೇಡಿಯೊ ಬಂತು. ಎರಡನೆಯ ಆಸನ ಹುಟ್ಟಿದ್ದು ಹೀಗೆ, ಸಹಾಯದ ಕೈಗಾಗಿ. 1935ರ ಅಕ್ಟೋಬರ್ 30ರಂದು ಅಮೆರಿಕದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್‌ನ ನಾಲ್ಕು ಎಂಜಿನ್‌ಗಳ ಹೊಸ ಬಾಂಬರ್ ಮಾದರಿ ಪರೀಕ್ಷಾ ಹಾರಾಟದಲ್ಲಿ ಮೇಲೇರಿದ ಕೂಡಲೇ ಬಿದ್ದಿತು. ವಿಮಾನ ನಿಂತಿರುವಾಗ ಗಾಳಿಗೆ ಅದರ ರೆಕ್ಕೆಪಟ್ಟಿಗಳು ಅಲ್ಲಾಡದಂತೆ ಹಾಕುವ ಬೀಗವನ್ನು ಹಾರುವ ಮುನ್ನ ತೆಗೆಯಲು ಮರೆತಿದ್ದರು. ವಿಮಾನ ನಡೆಸುತ್ತಿದ್ದವರು ಅನನುಭವಿಗಳಲ್ಲ, ನುರಿತವರು. ಒಬ್ಬ ಮನುಷ್ಯ ನೆನಪಿಟ್ಟುಕೊಳ್ಳಬಲ್ಲದ್ದಕ್ಕಿಂತ ಹೆಚ್ಚು ಕೆಲಸಗಳು ಆ ಯಂತ್ರದಲ್ಲಿದ್ದವು, ಅಷ್ಟೆ. ಇದಕ್ಕೆ ಕಂಡುಕೊಂಡ ಪರಿಹಾರ ತೀರ ಸರಳ: ಒಂದು ಕಾಗದದ ಮೇಲೆ ಕೆಲಸಗಳ ಪಟ್ಟಿ. ಒಬ್ಬರು ಓದಬೇಕು, ಇನ್ನೊಬ್ಬರು ನೋಡಿ ಉತ್ತರಿಸಬೇಕು. ಚೆಕ್‌ಲಿಸ್ಟ್ ಎಂದು ಇಂದು ಆಪರೇಷನ್ ಥಿಯೇಟರಿನವರೆಗೂ ಹೋಗಿರುವ ಈ ಪದ್ಧತಿ ಬೇರೂರಿದ್ದು ಆ ಅಪಘಾತದ ನಂತರ.

ನಮ್ಮ ದೇಶದಲ್ಲಿ ಎರಡನೆಯ ಆಸನ ಸಾಮಾನ್ಯವಾದದ್ದು ಎರಡನೆಯ ಮಹಾಯುದ್ಧದ ಬಳಿಕ. ಯುದ್ಧ ಮುಗಿದು ಉಳಿದ ಡಕೋಟಾ ವಿಮಾನಗಳು ಅಗ್ಗಕ್ಕೆ ಸಿಕ್ಕವು, ಹಲವಾರು ಕಂಪನಿಗಳು ಹುಟ್ಟಿದವು. ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಅವುಗಳಲ್ಲಿ ಒಂದು. ವಾಣಿಜ್ಯ ಪೈಲಟ್ ಪರವಾನಗಿ ಪಡೆದ ಭಾರತದ ಮೊದಲ ಮಹಿಳೆ ಪ್ರೇಮ್ ಮಾಥುರ್ ಅವರಿಗೆ ಬೇರೆ ಕಂಪನಿಗಳು ಬಾಗಿಲು ಮುಚ್ಚಿದಾಗ ಕೆಲಸ ಕೊಟ್ಟದ್ದು ಈ ಕಂಪನಿ. ಸಹಪೈಲಟ್ ಆಗಿ ಅವರು ಹಾರಿದರು. ಆದರೆ ಕ್ಯಾಪ್ಟನ್ ಆಸನ ಅಲ್ಲಿ ಅವರಿಗೆ ಸಿಗಲಿಲ್ಲ. ಕೊನೆಗೆ ಆ ಕೆಲಸವನ್ನೇ ಬಿಟ್ಟರು. ಸಹಪೈಲಟ್ ಹುದ್ದೆ ಒಂದು ಮೆಟ್ಟಿಲು ಎನ್ನುತ್ತಾರೆ; ಯಾರ ಪಾಲಿಗೆ ಮೆಟ್ಟಿಲು, ಯಾರ ಪಾಲಿಗೆ ಗೋಡೆ ಎಂಬುದನ್ನು ಬಹುಕಾಲ ಯೋಗ್ಯತೆಯೊಂದೇ ನಿರ್ಧರಿಸಲಿಲ್ಲ. ಇಂದು ಭಾರತದ ಪೈಲಟ್‌ಗಳಲ್ಲಿ ನೂರಕ್ಕೆ ಸುಮಾರು 15 ಮಂದಿ ಮಹಿಳೆಯರು. ಇದು ಜಾಗತಿಕ ಸರಾಸರಿಗಿಂತ ಬಹಳ ಹೆಚ್ಚು.

1953ರಲ್ಲಿ ವಿಮಾನ ಕಂಪನಿಗಳ ರಾಷ್ಟ್ರೀಕರಣವಾಗಿ ವೇಳಾಪಟ್ಟಿಯ ಸಂಚಾರ ಸರ್ಕಾರದ ಕೈಸೇರಿತು. ಖಾಸಗಿಯವರಿಗೆ ಉಳಿದದ್ದು ಬಾಡಿಗೆ ಹಾರಾಟ ಮಾತ್ರ. ಇತ್ತ ಕಾಕ್‌ಪಿಟ್‌ನೊಳಗಿನ ಜನಸಂಖ್ಯೆ ಕ್ರಮೇಣ ಇಳಿಯುತ್ತ ಬಂತು. ಮೊದಲು ರೇಡಿಯೊ ಆಪರೇಟರ್ ಹೋದರು, ಬಳಿಕ ದಿಕ್ಕು ಲೆಕ್ಕಹಾಕುವ ನ್ಯಾವಿಗೇಟರ್, ಕೊನೆಗೆ ಎಂಜಿನ್‌ಗಳನ್ನು ಗಮನಿಸುತ್ತಿದ್ದ ಫ್ಲೈಟ್ ಎಂಜಿನಿಯರ್. ಅವರ ಕೆಲಸವೆಲ್ಲ ಒಂದಿಷ್ಟು ಕಂಪ್ಯೂಟರಿಗೂ ಒಂದಿಷ್ಟು ಸಹಪೈಲಟ್‌ಗೂ ಬಂತು.

ಹಾಗಾದರೆ ಚಾರ್ಟರ್ ಕಂಪನಿಯ ಸಹಪೈಲಟ್ ದಿನವಿಡೀ ಮಾಡುವುದೇನು? ದೊಡ್ಡ ಕಂಪನಿಯಲ್ಲಿ ಹವಾಮಾನ ವರದಿ ತರಲು, ತೂಕದ ಲೆಕ್ಕ ಬರೆಯಲು, ಸಾಮಾನು ತುಂಬಲು ಬೇರೆ ಬೇರೆ ಜನರಿರುತ್ತಾರೆ. ಚಾರ್ಟರ್‌ನಲ್ಲಿ ಅದರ ಬಹುಪಾಲು ಸಹಪೈಲಟ್‌ನ ಪಾಲಿಗೆ ಬರುತ್ತದೆ. ಹೊರಡುವ ಮೊದಲು ಉಸಿರಿನಲ್ಲಿ ಮದ್ಯದ ಅಂಶವಿಲ್ಲವೆಂಬ ಪರೀಕ್ಷೆ, ಹಾರಾಟದ ಯೋಜನೆಯನ್ನು ಸಂಚಾರ ನಿಯಂತ್ರಣಕ್ಕೆ ಸಲ್ಲಿಸುವುದು, ವಿಮಾನದ ಸುತ್ತ ಒಂದು ಸುತ್ತು ಬಂದು ಟೈರು, ದೀಪ, ಎಣ್ಣೆ ಸೋರಿಕೆ ನೋಡುವುದು, ಇಂಧನ ತುಂಬಿಸುವುದು, ಪ್ರಯಾಣಿಕರಿಗೆ ಬೆಲ್ಟ್ ಕಟ್ಟುವುದನ್ನು ತೋರಿಸಿ ಬಾಗಿಲು ಹಾಕುವುದು. ಕೆಲವೊಮ್ಮೆ ಅತಿಥಿಗಳ ಪೆಟ್ಟಿಗೆಯನ್ನೂ ಹೊರುವುದು. ಪೆಟ್ಟಿಗೆ ಹೊರುವುದು ಬರೀ ಸೌಜನ್ಯದ ಕೆಲಸವಲ್ಲ. ಯಾವ ಪೆಟ್ಟಿಗೆ ಎಷ್ಟು ಭಾರ, ಎಲ್ಲಿ ಇಟ್ಟಿದೆ ಎಂಬುದು ಸಣ್ಣ ವಿಮಾನದಲ್ಲಿ ಸನ್ನೆಗೋಲಿನ ಲೆಕ್ಕ. 20 ಕಿಲೋಗ್ರಾಂ ಪೆಟ್ಟಿಗೆಯನ್ನು 5 ಮೀಟರ್ ಹಿಂದಕ್ಕೆ ಸರಿಸಿದರೆ 100 ಕಿಲೋಗ್ರಾಂ-ಮೀಟರಿನಷ್ಟು ತಿರುಗುಬಲ ಬಾಲದ ಕಡೆಗೆ ಸೇರುತ್ತದೆ. ಹತ್ತು ಪೆಟ್ಟಿಗೆ ಹಾಗೆ ಸರಿದರೆ ವಿಮಾನದ ಮೂತಿ ಪೈಲಟ್‌ನ ಮಾತು ಕೇಳದೆ ಮೇಲೇಳಬಹುದು.

ಹುಬ್ಬಳ್ಳಿಯ ವಿಮಾನ ನಿಲ್ದಾಣವನ್ನೇ ಉದಾಹರಣೆಗೆ ತೆಗೆದುಕೊಂಡು ಸಹಪೈಲಟ್ ಹಾಕುವ ಇನ್ನೊಂದು ಲೆಕ್ಕವನ್ನು ನೋಡೋಣ. ತರಗತಿಯಲ್ಲಿ ಮಾಡಿಸಲು ಯೋಗ್ಯವಾಗಿದೆ. ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದೆ. ಆ ಎತ್ತರದಲ್ಲಿ ವಾಯುವಿನ ಒತ್ತಡ ಸುಮಾರು 936 ಹೆಕ್ಟೊಪಾಸ್ಕಲ್. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಂಡರೆ ಅನಿಲ ನಿಯಮದಂತೆ ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.06 ಕಿಲೋಗ್ರಾಂ ಬರುತ್ತದೆ. ಸಮುದ್ರಮಟ್ಟದ ಪ್ರಮಾಣ ಸಾಂದ್ರತೆ 1.225. ಅಂದರೆ ಆ ಹೊತ್ತಿಗೆ ವಿಮಾನದ ಪಾಲಿಗೆ ಹುಬ್ಬಳ್ಳಿ 660 ಮೀಟರ್ ಎತ್ತರದ ಊರಲ್ಲ, ಸುಮಾರು 1,500 ಮೀಟರ್ ಎತ್ತರದ ಊರು! ತೆಳುವಾದ ಗಾಳಿಯಲ್ಲಿ ಅದೇ ಎತ್ತುಬಲ ಪಡೆಯಲು ವಿಮಾನ ಶೇಕಡಾ 8ರಷ್ಟು ಹೆಚ್ಚು ವೇಗದಲ್ಲಿ ಓಡಬೇಕು. ವೇಗಮಾಪಕ 200 ಎಂದು ತೋರಿಸಿದರೆ ನೆಲದ ಮೇಲಿನ ವೇಗ ಗಂಟೆಗೆ ಸುಮಾರು 215 ಕಿಲೋಮೀಟರ್. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಕ್ತಿ ಶೇಕಡಾ 16ರಷ್ಟು ಹೆಚ್ಚು. ಎಂಜಿನ್ ಬಲವೂ ಅಂಥ ಗಾಳಿಯಲ್ಲಿ ತಗ್ಗುತ್ತದೆ. ಹುಬ್ಬಳ್ಳಿಯ ಹಳೆಯ ರನ್‌ವೇ ಸುಮಾರು 1,670 ಮೀಟರ್ ಮಾತ್ರ ಇದ್ದ ಕಾಲದಲ್ಲಿ ಈ ಲೆಕ್ಕ ಬಹಳ ಬಿಗಿಯಾಗಿತ್ತು. ಈಗ ಅದು ಸುಮಾರು 2,600 ಮೀಟರಿಗೆ ಬೆಳೆದಿದೆ.

ಗಾಳಿಯ ದಿಕ್ಕಿನದು ಮತ್ತೊಂದು ಲೆಕ್ಕ. ರನ್‌ವೇಯ ತುದಿಗಳಲ್ಲಿ 08, 26 ಎಂಬ ಅಂಕಿಗಳಿವೆ; ಇವು ದಿಕ್ಸೂಚಿಯ 80 ಮತ್ತು 260 ಡಿಗ್ರಿಗಳು. ಆ ರೇಖೆಯನ್ನು ಪೂರ್ವಕ್ಕೆ ಎಳೆಯುತ್ತ ಹೋದರೆ ಅಣ್ಣಿಗೇರಿಯ ಹತ್ತಿರ ಹಾಯುತ್ತದೆ. ಮಳೆಗಾಲದಲ್ಲಿ ಪಶ್ಚಿಮದ ಗಾಳಿ ಬೀಸುವುದರಿಂದ ವಿಮಾನ ಪೂರ್ವದ ಕಡೆಯಿಂದ ಬಂದು ಗಾಳಿಗೆ ಎದುರಾಗಿ ಇಳಿಯುವುದು ಅನುಕೂಲ. 230 ಡಿಗ್ರಿಯಿಂದ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸುತ್ತಿದ್ದರೆ ರನ್‌ವೇಗೂ ಗಾಳಿಗೂ ನಡುವಣ ಕೋನ 30 ಡಿಗ್ರಿ. ಸೈನ್ 30 ಅರ್ಧವಷ್ಟೆ. ಆದ್ದರಿಂದ ಪಕ್ಕಕ್ಕೆ ತಳ್ಳುವ ಗಾಳಿ 15, ಎದುರುಗಾಳಿ ಸುಮಾರು 26. ತ್ರಿಕೋನಮಿತಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ವಿದ್ಯಾರ್ಥಿಗಳಿಗೆ ಇದನ್ನು ಹೇಳಬಹುದು. ಲೆಕ್ಕ ಸರಿಯಿದ್ದರೂ ಮಳೆ ಮೋಸ ಮಾಡಬಲ್ಲದು. 2015ರ ಮಾರ್ಚ್ 8ರಂದು ಬೆಂಗಳೂರಿನಿಂದ ಬಂದ ಸ್ಪೈಸ್‌ಜೆಟ್‌ನ ಕ್ಯೂ-400 ವಿಮಾನ ಮಳೆಯಲ್ಲಿ ಇಲ್ಲಿ ಇಳಿದು ರನ್‌ವೇಯ ಎಡಕ್ಕೆ ಜಾರಿತು. ಎಡಗಾಲಿಯ ಆಧಾರ ಮುರಿಯಿತು. ಪುಣ್ಯಕ್ಕೆ ಜೀವಹಾನಿಯಾಗಲಿಲ್ಲ.

ಹಾರಾಟದಲ್ಲಿ ಇಬ್ಬರ ಕೆಲಸ ಹಂಚಿಕೆಯಾಗಿರುತ್ತದೆ. ಒಬ್ಬರು ವಿಮಾನ ನಡೆಸುತ್ತಾರೆ. ಇನ್ನೊಬ್ಬರು ರೇಡಿಯೊದಲ್ಲಿ ಮಾತಾಡುತ್ತ, ಚೆಕ್‌ಲಿಸ್ಟ್ ಓದುತ್ತ, ಎತ್ತರ ಮತ್ತು ವೇಗವನ್ನು ಕಾಯುತ್ತಾರೆ. ಒಂದು ಹಾರಾಟದಲ್ಲಿ ಕ್ಯಾಪ್ಟನ್ ನಡೆಸಿದರೆ ಮುಂದಿನದರಲ್ಲಿ ಸಹಪೈಲಟ್ ನಡೆಸಬಹುದು. ಅಧಿಕಾರ ಮಾತ್ರ ಕ್ಯಾಪ್ಟನ್ನರದೇ. ನಮ್ಮ ಕಡೆಯ ಕೂರಿಗೆ ಬಿತ್ತನೆಯಲ್ಲಿ ಒಬ್ಬರು ಎತ್ತು ಹೊಡೆಯುತ್ತಾರೆ, ಇನ್ನೊಬ್ಬರು ಬಟ್ಟಲಿಗೆ ಬೀಜ ಬಿಡುತ್ತಾರೆ. ಕೊಳವೆ ಕಟ್ಟಿಕೊಂಡದ್ದು ಬೀಜ ಬಿಡುವವರಿಗೆ ಮೊದಲು ತಿಳಿಯುತ್ತದೆ, ಎತ್ತು ಹೊಡೆಯುವವರಿಗಲ್ಲ. ಅವರು ತಡೆ ಎಂದು ಕೂಗದಿದ್ದರೆ ಒಂದು ಸಾಲು ಬರಡಾಗುತ್ತದೆ. ವಿಮಾನದಲ್ಲಿಯೂ ಕಾಯುವವರ ಕೂಗು ಬೇಕು. ಆದರೆ ಇದನ್ನು ವಿಮಾನ ಜಗತ್ತು ಕಲಿತದ್ದು ಬಹಳ ತಡವಾಗಿ.

1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ಮಂಜಿನ ನಡುವೆ ಎರಡು ಜಂಬೋ ಜೆಟ್‌ಗಳು ರನ್‌ವೇ ಮೇಲೇ ಡಿಕ್ಕಿ ಹೊಡೆದು 583 ಜನ ಸತ್ತರು. ಓಟ ಶುರುಮಾಡಿದ ವಿಮಾನದ ಫ್ಲೈಟ್ ಎಂಜಿನಿಯರ್, ಎದುರಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇನೋ ಎಂಬ ಸಂಶಯವನ್ನು ಬಾಯಿಬಿಟ್ಟು ಕೇಳಿದ್ದರು. ಹಿರಿಯ ಕ್ಯಾಪ್ಟನ್ ಅದನ್ನು ತಳ್ಳಿಹಾಕಿದರು. ಮರುವರ್ಷ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲೆಂಡ್ ಬಳಿ ಗಾಲಿಯ ದೋಷವೊಂದನ್ನು ಯೋಚಿಸುತ್ತ ಸುತ್ತುತ್ತಿದ್ದ ವಿಮಾನದಲ್ಲಿ ಇಂಧನವೇ ಮುಗಿದುಹೋಗಿ 10 ಜನ ಸತ್ತರು. ಇಂಧನ ಇಳಿಯುತ್ತಿರುವುದು ಜೊತೆಗಿದ್ದವರಿಗೆ ಗೊತ್ತಿತ್ತು, ಆದರೆ ಗಟ್ಟಿಯಾಗಿ ಹೇಳಲಿಲ್ಲ. 1979ರಲ್ಲಿ ನಾಸಾ ಈ ಬಗ್ಗೆ ಒಂದು ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ಪೈಲಟ್‌ಗಳಿಗೆ ಹೊಸ ಬಗೆಯ ತರಬೇತಿ ಆರಂಭಿಸಿತು. ಯಂತ್ರದ ಪಾಠವಲ್ಲ, ಮಾತಾಡುವ ಮತ್ತು ಕೇಳಿಸಿಕೊಳ್ಳುವ ಪಾಠ.

ಕರ್ನಾಟಕಕ್ಕೆ ಈ ಪಾಠ ಎರಡು ಬಾರಿ ಬಂತು. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಹೊಚ್ಚಹೊಸ ಎ-320 ವಿಮಾನ ಬೆಂಗಳೂರಿನ ಎಚ್‌ಎಎಲ್ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ಅದರಲ್ಲಿದ್ದ 146 ಜನರಲ್ಲಿ 92 ಮಂದಿ ಸತ್ತರು. ಎಡಗಡೆ ಕೂತಿದ್ದವರು ಪರೀಕ್ಷೆಗೆ ಒಳಗಾಗಿದ್ದ ಕ್ಯಾಪ್ಟನ್. ಬಲಗಡೆ ಕೂತಿದ್ದವರು ಅವರನ್ನು ಪರೀಕ್ಷಿಸುತ್ತಿದ್ದ ಹಿರಿಯರು. ಇಳಿಯುವಾಗ ಸ್ವಯಂಚಾಲಿತ ವ್ಯವಸ್ಥೆ ಎಂಜಿನ್‌ಗಳನ್ನು ಕನಿಷ್ಠ ಬಲದಲ್ಲಿ ಇಟ್ಟಿತ್ತು. ವೇಗ ಇರಬೇಕಾದ್ದಕ್ಕಿಂತ ಬಹಳ ಕೆಳಗೆ ಬಿದ್ದದ್ದನ್ನು ಇಬ್ಬರೂ ಸಕಾಲದಲ್ಲಿ ಹಿಡಿಯಲಿಲ್ಲ. ಕನಿಷ್ಠ ಬಲದಲ್ಲಿರುವ ಜೆಟ್ ಎಂಜಿನ್ ಪೂರ್ತಿ ಬಲಕ್ಕೆ ಏರಲು ಹಲವು ಸೆಕೆಂಡುಗಳು ಬೇಕು. ಆ ಸೆಕೆಂಡುಗಳು ಉಳಿದಿರಲಿಲ್ಲ. ಇಬ್ಬರು ಅನುಭವಿಗಳು ಅಕ್ಕಪಕ್ಕ ಕೂತ ಮಾತ್ರಕ್ಕೆ ಒಬ್ಬರು ಕಾಯುತ್ತಾರೆ ಎನ್ನಲಾಗದು; ಯಾರು ನಡೆಸುವುದು, ಯಾರು ಕಾಯುವುದು ಎಂಬುದು ಸ್ಪಷ್ಟವಿರಬೇಕು.

ಎರಡನೆಯದು ಮಂಗಳೂರು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ 2010ರ ಮೇ 22ರ ಮುಂಜಾನೆ ಬಜಪೆಯ ಗುಡ್ಡದಂಚಿನಿಂದ ಕಣಿವೆಗೆ ಉರುಳಿತು. 158 ಜನ ಸತ್ತರು, 8 ಜನ ಉಳಿದರು. ಹಲವರು ಮರೆತಿರುವ ಸಂಗತಿಯೊಂದಿದೆ: ಈ ಸೇವೆಯನ್ನು ನಡೆಸುತ್ತಿದ್ದ ಕಂಪನಿಯ ಅಧಿಕೃತ ಹೆಸರು ಏರ್ ಇಂಡಿಯಾ ಚಾರ್ಟರ್ಸ್ ಲಿಮಿಟೆಡ್. ಬಾಡಿಗೆ ಹಾರಾಟಕ್ಕೆಂದು ಹುಟ್ಟಿದ ಈ ಅಂಗಸಂಸ್ಥೆ 2005ರಿಂದ ಅಗ್ಗದ ದರದ ಎಕ್ಸ್‌ಪ್ರೆಸ್ ಸೇವೆ ನಡೆಸುತ್ತಿತ್ತು. ಕೊಲ್ಲಿ ದೇಶಗಳಲ್ಲಿ ದುಡಿಯುವ ಕರಾವಳಿ, ಕಾಸರಗೋಡಿನ ಜನ ಅದರ ಪ್ರಯಾಣಿಕರು.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ವಿಚಾರಣಾ ನ್ಯಾಯಾಲಯ ಕಾಕ್‌ಪಿಟ್‌ನ ಧ್ವನಿಮುದ್ರಣವನ್ನು ಕೇಳಿತು. ಕ್ಯಾಪ್ಟನ್ ಝ್ಲಾಟ್ಕೊ ಗ್ಲುಸಿಕಾ ಹಾರಾಟದ ನಡುವೆ ಒಂದು ಗಂಟೆ ನಲವತ್ತು ನಿಮಿಷದಷ್ಟು ನಿದ್ರಿಸಿದ್ದರು. ಗಾಢ ನಿದ್ರೆಯಿಂದ ಎದ್ದವರ ಬುದ್ಧಿ ಸ್ವಲ್ಪ ಹೊತ್ತು ಮಂಕಾಗಿರುತ್ತದೆ. ಇದಕ್ಕೆ ನಿದ್ರಾಜಡತ್ವ ಎನ್ನಬಹುದು. ಮಂಗಳೂರಿನ ರಾಡಾರ್ ಆಗ ಕೆಟ್ಟಿದ್ದರಿಂದ ಇಳಿಯಲು ಅನುಮತಿ ತಡವಾಗಿ ಸಿಕ್ಕಿತು. ವಿಮಾನ ಇರಬೇಕಾದ ಎತ್ತರಕ್ಕಿಂತ ಸುಮಾರು ಇಮ್ಮಡಿ ಎತ್ತರದಲ್ಲಿತ್ತು. ಸಾಮಾನ್ಯ ಇಳಿಜಾರು 3 ಡಿಗ್ರಿ, ಅಂದರೆ 10 ಕಿಲೋಮೀಟರ್ ದೂರದಲ್ಲಿ ಸುಮಾರು 520 ಮೀಟರ್ ಎತ್ತರ. ಅದರ ಇಮ್ಮಡಿಯಿಂದ ಇಳಿಯುವುದೆಂದರೆ ಕಡಿದಾಗಿ, ವೇಗವಾಗಿ ಇಳಿಯುವುದು. ಇಂಥ ಸಂದರ್ಭಕ್ಕೆ ನಿಯಮ ಒಂದೇ: ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ ಒಂದು ಸುತ್ತು ಬರುವುದು. ಸಹಪೈಲಟ್ ಹರ್ಬಿಂದರ್ ಸಿಂಗ್ ಅಹ್ಲುವಾಲಿಯಾ ಅದನ್ನು ಮೂರು ಬಾರಿ ಹೇಳಿದರು. ಯಂತ್ರವೂ ಎಚ್ಚರಿಕೆಯ ಧ್ವನಿ ಮೊಳಗಿಸುತ್ತಲೇ ಇತ್ತು. ಕ್ಯಾಪ್ಟನ್ ಇಳಿಸಿದರು. 2,450 ಮೀಟರಿನ ರನ್‌ವೇಯಲ್ಲಿ ಚಕ್ರಗಳು ನೆಲ ಹಿಡಿದದ್ದು ಸುಮಾರು 1,585 ಮೀಟರ್ ದಾಟಿದ ಮೇಲೆ. ಎಂಜಿನ್‌ಗಳ ಬಲವನ್ನು ಹಿಮ್ಮುಖ ಮಾಡಿ ಬ್ರೇಕ್ ಹಾಕಿದ ನಂತರ ಕ್ಯಾಪ್ಟನ್ ಮನಸ್ಸು ಬದಲಿಸಿ ಮತ್ತೆ ಮೇಲೇರಲು ಹೋದರು. ಬ್ರೇಕನ್ನೇ ಪೂರ್ತಿ ಒತ್ತಿ ಹಿಡಿದಿದ್ದರೆ ನಿಲ್ಲಬಹುದಿತ್ತು ಎಂದು ವಿಚಾರಣೆ ಕಂಡುಕೊಂಡಿತು.

ಮಂಗಳೂರಿನಲ್ಲಿ ಸಹಪೈಲಟ್ ಮೌನವಾಗಿರಲಿಲ್ಲ. ಟೆನೆರಿಫ್ ನಂತರದ ಮೂರು ದಶಕಗಳ ತರಬೇತಿ ಕಲಿಸಿದ್ದನ್ನು ಅವರು ಮಾಡಿದ್ದರು. ಹಾಗಾಗಿ ಹೇಳಿದರೂ ಕೇಳದಿದ್ದರೆ ಏನು ಎಂಬ ಪ್ರಶ್ನೆ ಎದ್ದಿತು. ಕ್ಯಾಪ್ಟನ್‌ನ ಕೈಯಿಂದ ವಿಮಾನವನ್ನು ಕಸಿಯುವುದು ಹೇಳಿದಷ್ಟು ಸುಲಭವಲ್ಲ. ನೆಲ ಕೆಲವೇ ಸೆಕೆಂಡುಗಳ ದೂರದಲ್ಲಿರುವಾಗ ಇಬ್ಬರ ಕೈಗಳು ಎರಡು ಕಡೆಗೆ ಎಳೆದರೆ ಅದೂ ಸಾವೇ. ಬದುಕಿ ಉಳಿದರೆ ಮರುದಿನದ ಸಂಬಂಧ, ಬಡ್ತಿ, ನೌಕರಿಯ ಚಿಂತೆ ಬೇರೆ.

ಚಾರ್ಟರ್ ಸಹಪೈಲಟ್‌ನ ಪಾಲಿಗೆ ಈ ಚಿಂತೆ ಇನ್ನಷ್ಟು ಹತ್ತಿರದ್ದು. ಕಂಪನಿ ಸಣ್ಣದು, ಪೈಲಟ್‌ಗಳು ಬೆರಳೆಣಿಕೆಯಷ್ಟು. ಪಕ್ಕದಲ್ಲಿ ಕೂತ ಕ್ಯಾಪ್ಟನ್ನರೇ ಕೆಲಸದ ಪಟ್ಟಿ ಬರೆಯುವವರಾಗಿರಬಹುದು. ಹಿಂದೆ ಕೂತವರು ಮುಂದಿನ ಸಭೆಗೆ ತಡವಾಯಿತೆಂದು ಅವಸರಿಸುವ ದೊಡ್ಡವರು. ಪ್ರಯಾಣಿಕರು ಎರಡು ಗಂಟೆಗೆ ಬರುತ್ತೇನೆಂದು ಹೋಗಿ ಐದಕ್ಕೆ ಬರುತ್ತಾರೆ. ಪೈಲಟ್‌ಗಳು ಬಿಸಿಲಿನಲ್ಲಿ ಕಾದ ಆ ಮೂರು ಗಂಟೆಯೂ ದುಡಿಮೆಯ ಗಂಟೆಯೇ, ದಣಿವೂ ಅದರಲ್ಲಿ ಸೇರುತ್ತದೆ. ಕತ್ತಲಾಗುತ್ತದೆ, ಮಳೆಯ ಮೋಡ ಕಟ್ಟುತ್ತದೆ. ಈಗ ಹೊರಡುವುದು ಬೇಡ ಎಂದು ಮೊದಲು ಹೇಳಬೇಕಾದವರು, ಹವಾಮಾನ ವರದಿ ಕೈಯಲ್ಲಿ ಹಿಡಿದ ಕಿರಿಯರು. 2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಚುನಾವಣಾ ಪ್ರಚಾರಕ್ಕೆ ಹೊರಟ ಒಂದೇ ಎಂಜಿನ್‌ನ ಬಾಡಿಗೆ ವಿಮಾನ ಬಿದ್ದು ನಟಿ ಸೌಂದರ್ಯ ಸೇರಿ ನಾಲ್ವರು ಸತ್ತದ್ದನ್ನು ಓದುಗರು ಮರೆತಿರಲಾರರು. ಅಂಥ ಪುಟ್ಟ ವಿಮಾನದಲ್ಲಿ ಇರುವುದು ಒಬ್ಬರೇ ಪೈಲಟ್. ಬೇಡ ಎನ್ನಲು ಎರಡನೆಯವರು ಇರುವುದೇ ಇಲ್ಲ.

ಈ ಆಸನಕ್ಕೆ ಏರುವ ದಾರಿ ದುಬಾರಿ. ಭೌತಶಾಸ್ತ್ರ, ಗಣಿತಗಳೊಂದಿಗೆ ಪಿ.ಯು.ಸಿ. ಓದಿದ, 18 ತುಂಬಿದ ಯಾರೇ ಆಗಲಿ ವಾಯುಸಂಚಾರ, ಹವಾಮಾನ, ನಿಯಮಗಳು, ತಾಂತ್ರಿಕ ವಿಷಯಗಳಲ್ಲಿ ಪರೀಕ್ಷೆ ಬರೆದು, ಕಠಿಣ ವೈದ್ಯಕೀಯ ತಪಾಸಣೆಯಲ್ಲಿ ಗೆದ್ದು, 200 ಗಂಟೆ ಹಾರಿದರೆ ವಾಣಿಜ್ಯ ಪರವಾನಗಿ ಪಡೆಯಬಹುದು. ದುಬಾರಿಯಾಗುವುದು ಆ 200 ಗಂಟೆಯೇ. ಆಮೇಲೆ ನಿರ್ದಿಷ್ಟ ಮಾದರಿಯ ವಿಮಾನಕ್ಕೆ ಪ್ರತ್ಯೇಕ ತರಬೇತಿಯ ಖರ್ಚು. ಎಡಗಡೆಯ ಆಸನಕ್ಕೆ ಬೇಕಾದ ಉನ್ನತ ಪರವಾನಗಿಗೆ 1,500 ಗಂಟೆಗಳ ಅನುಭವ ಬೇಕು. ವರ್ಷಕ್ಕೆ 1,000 ಗಂಟೆ ಹಾರಾಟದ ಮಿತಿಯಿದ್ದರೂ ಚಾರ್ಟರ್‌ನವರು ಅದರ ಹತ್ತಿರ ಹೋಗುವುದು ಅಪರೂಪ, ಕಾಯುವುದೇ ಹೆಚ್ಚು. ಹೀಗಾಗಿ ಗಂಟೆಗಳು ನಿಧಾನವಾಗಿ ಕೂಡುತ್ತವೆ, ಬಡ್ತಿ ನಿಧಾನವಾಗಿ ಬರುತ್ತದೆ, ಕ್ಯಾಪ್ಟನ್ನರನ್ನು ಎದುರುಹಾಕಿಕೊಳ್ಳಲು ಮನಸ್ಸು ಹಿಂಜರಿಯುತ್ತದೆ.

ಇಂದಿನ ತರಬೇತಿಯಲ್ಲಿ ನೆಲದ ಮೇಲಿನ ಸಿಮ್ಯುಲೇಟರ್ ಒಳಗೆ ಒಂದು ಅಭ್ಯಾಸವಿದೆ. ಕ್ಯಾಪ್ಟನ್ ಆಗಿ ಕೂತ ಬೋಧಕರು ಇಳಿಯುವ ಹೊತ್ತಿನಲ್ಲಿ ಏನೂ ಹೇಳದೆ ಸುಮ್ಮನಾಗುತ್ತಾರೆ. ವೇಗ ತಪ್ಪುತ್ತದೆ, ಎತ್ತರ ತಪ್ಪುತ್ತದೆ. ಸಹಪೈಲಟ್ ಒಮ್ಮೆ ಹೇಳಬೇಕು, ಉತ್ತರ ಬರದಿದ್ದರೆ ಎರಡನೆಯ ಬಾರಿ ಹೇಳಬೇಕು. ಅದಕ್ಕೂ ಉತ್ತರವಿಲ್ಲದಿದ್ದರೆ ಕ್ಯಾಪ್ಟನ್‌ಗೆ ಪ್ರಜ್ಞೆಯಿಲ್ಲ ಎಂದೇ ಭಾವಿಸಿ, ನಿಯಂತ್ರಣ ನನ್ನದು ಎಂದು ಗಟ್ಟಿಯಾಗಿ ಸಾರಿ, ಎಂಜಿನ್ ಬಲ ಹೆಚ್ಚಿಸಿ ಮೇಲೇರಬೇಕು. ಮೂರನೆಯ ಬಾರಿ ಕೇಳುವಂತಿಲ್ಲ.